ಚೈನ್ ಅಳೆಯದೆ ಕಾರ್ಟ್ ಹೊರಡಬಾರದು

ನಮ್ಮ ವಿಜ್ಞಾನ ಸಂಘದ ಗೋ-ಕಾರ್ಟ್ ಮುಂದಿನ ತಿಂಗಳು ಪೋಷಕರ ದಿನದಂದು ಕಾಲೇಜು ಮೈದಾನದಲ್ಲಿ ಓಡಲಿದೆ. ಕಾರ್ಟಿಗೆ ಯಾವ ಬಣ್ಣ, ಮೊದಲು ಯಾರು ಓಡಿಸುವುದು, ನಿರೂಪಣೆ ಯಾರದು ಎಂಬುದನ್ನೆಲ್ಲ ಕ್ಯಾಂಟೀನಿನಲ್ಲೂ ಲೈಬ್ರರಿಯಲ್ಲೂ ಸಾಕಷ್ಟು ಚರ್ಚಿಸಿ ಆಗಿದೆ. ಚೈನಿನ ಬಗ್ಗೆ ಮಾತ್ರ ಯಾರೂ ಮಾತಾಡುತ್ತಿಲ್ಲ. ಕಾರ್ಟಿನ ಚೈನ್ ನೋಡಿಕೊಳ್ಳುವ ಹೊಣೆ ಈ ವರ್ಷ ನನ್ನ ಮೇಲಿದೆ. ಹಾಗಾಗಿ ಸಂಘದ ಸಭೆಗೆ ಮೊದಲೇ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ದಿನದ ಕಾರ್ಯಕ್ರಮ ಹೀಗಿದೆ: ಮೊದಲ ಸುತ್ತಿಗೆ ಹಿಂದಿನ ಆಕ್ಸಲ್‌ನಲ್ಲಿ 60 ಹಲ್ಲಿನ ಸ್ಪ್ರಾಕೆಟ್. ಆಮೇಲೆ ಪೋಷಕರ ಎದುರಿನಲ್ಲೇ ಅದನ್ನು ಬಿಚ್ಚಿ 66 ಹಲ್ಲಿನದನ್ನು ಹಾಕಿ ಎರಡನೇ ಸುತ್ತು. ವೇಗ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕೆಂಬುದು ಉದ್ದೇಶ. ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. ಆದರೆ ಸ್ಪ್ರಾಕೆಟ್ ಬದಲಾದರೆ ಚೈನಿನ ಉದ್ದವೂ ಬದಲಾಗುತ್ತದೆ, ಬಿಗಿತವೂ ಬದಲಾಗುತ್ತದೆ. ಸುತ್ತ ಜನ ನಿಂತಿರುವಾಗ, ಮೈಕಿನಲ್ಲಿ ಹೆಸರು ಕೂಗುತ್ತಿರುವಾಗ, ಇವೆರಡನ್ನೂ ಅಂದಾಜಿನಲ್ಲಿ ಮುಗಿಸಿಬಿಡುವ ಅಪಾಯವಿದೆ. ನನ್ನ ಮಾತು ಇಷ್ಟೇ: ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವವರೆಗೆ ಕಾರ್ಟ್ ಹೊರಡಬಾರದು. ಹಾಗೆ ಅಳೆಯಲು ಸಮಯವಿಲ್ಲ ಎನ್ನುವುದಾದರೆ ಎರಡನೇ ಸುತ್ತನ್ನೇ ಕೈಬಿಡೋಣ.

ಇದು ಅತಿಯಾಯಿತು ಎನ್ನುವವರು ಕಾರ್ಟಿನ ರಚನೆಯನ್ನು ಒಮ್ಮೆ ನೋಡಬೇಕು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬವರು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಬಳಸಿ ಮೊದಲ ಕಾರ್ಟ್ ಕಟ್ಟಿದರು. ಸೆನ್ನಾ, ಶುಮಾಕರ್, ಹ್ಯಾಮಿಲ್ಟನ್ ಎಲ್ಲರೂ ರೇಸಿಂಗ್ ಆರಂಭಿಸಿದ್ದು ಇಂಥ ಪುಟ್ಟ ಗಾಡಿಯಲ್ಲೇ. ಕಾರ್ಟಿನ ಮೂಲ ಸ್ವರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಕಬ್ಬಿಣದ ಪೈಪಿನ ಚೌಕಟ್ಟು, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಪಕ್ಕದಲ್ಲಿ ಎಂಜಿನ್. ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ನಮ್ಮ ಕಾರ್ಟಿನಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು ಒಂದೇ ಒಂದು ಚೈನಿನ ಮೂಲಕ. ಅದು ಜಾರಿ ಸ್ಪ್ರಾಕೆಟ್ಟಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ನಿಂತುಹೋಗುತ್ತವೆ. ತಿರುವಿನಲ್ಲಿ ಹಾಗಾದರೆ ಗಾಡಿ ಯಾವ ಕಡೆಗೆ ತಿರುಗಿ ನಿಲ್ಲುತ್ತದೆ ಎಂದು ಓಡಿಸುವವರ ಕೈಯಲ್ಲಿರುವುದಿಲ್ಲ. ಮೈದಾನದ ಅಂಚಿನಲ್ಲಿ ನಿಂತಿರುವವರು ನಮ್ಮ ತಂದೆ ತಾಯಿ, ತಮ್ಮ ತಂಗಿಯರು.

ಮೊದಲು ಉದ್ದದ ವಿಷಯ. ನಾವು ಬಳಸುವುದು 35ನೇ ನಂಬರಿನ ಚೈನ್. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 9.525 ಮಿ.ಮೀ., ಅಂದರೆ ಇಂಚನ್ನು ಎಂಟು ಪಾಲು ಮಾಡಿದರೆ ಮೂರು ಪಾಲು. ಇದನ್ನು ಪಿಚ್ ಎನ್ನುತ್ತಾರೆ. ಎಂಜಿನ್ ಕಡೆಗೆ ಕ್ಲಚ್ಚಿನ ಮೇಲೆ 12 ಹಲ್ಲಿನ ಸ್ಪ್ರಾಕೆಟ್ ಇದೆ. ಎಂಜಿನ್ ಕೂರುವ ತಟ್ಟೆಯಲ್ಲಿ ಉದ್ದನೆಯ ಸ್ಲಾಟ್ ಕೊರೆದಿರುವುದರಿಂದ ಎಂಜಿನ್ನನ್ನು ಹಿಂದೆ ಮುಂದೆ ಸರಿಸಬಹುದು. ಪೂರ್ತಿ ಹಿಂದಿದ್ದಾಗ ಎರಡು ಸ್ಪ್ರಾಕೆಟ್‌ಗಳ ಕೇಂದ್ರಗಳ ನಡುವೆ 200 ಮಿ.ಮೀ., ಪೂರ್ತಿ ಮುಂದಿದ್ದಾಗ 215 ಮಿ.ಮೀ.

ಚೈನ್ ಎಷ್ಟು ಉದ್ದ ಬೇಕು ಎಂಬುದಕ್ಕೆ ಲೆಕ್ಕವಿದೆ. ಎಲ್ಲವನ್ನೂ ಪಿಚ್‌ನಲ್ಲೇ ಎಣಿಸಬೇಕು. ಕೇಂದ್ರಗಳ ನಡುವಿನ ದೂರದ ಎರಡರಷ್ಟು ತೆಗೆದುಕೊಳ್ಳಿ. ಅದಕ್ಕೆ ಎರಡೂ ಸ್ಪ್ರಾಕೆಟ್‌ಗಳ ಹಲ್ಲುಗಳ ಮೊತ್ತದ ಅರ್ಧ ಸೇರಿಸಿ. ಕೊನೆಯಲ್ಲಿ ಒಂದು ಸಣ್ಣ ತಿದ್ದುಪಡಿ: ಹಲ್ಲುಗಳ ವ್ಯತ್ಯಾಸವನ್ನು ಪೈಯ ಎರಡರಷ್ಟರಿಂದ ಭಾಗಿಸಿ, ವರ್ಗ ಮಾಡಿ, ಕೇಂದ್ರಗಳ ದೂರದಿಂದ ಮತ್ತೆ ಭಾಗಿಸಿ ಸೇರಿಸಬೇಕು. 200 ಮಿ.ಮೀ. ಎಂದರೆ 21 ಪಿಚ್. 12 ಮತ್ತು 60 ಹಲ್ಲಿಗೆ ಲೆಕ್ಕ ಹಾಕಿದರೆ 42, 36 ಮತ್ತು 2.8 ಸೇರಿ 80.8 ಬರುತ್ತದೆ.

ಆದರೆ 80.8 ಲಿಂಕಿನ ಚೈನ್ ಎಲ್ಲೂ ಇಲ್ಲ. 81 ಲಿಂಕ್ ಕೂಡ ನಮಗೆ ಬೇಡ. ಚೈನಿನಲ್ಲಿ ಒಳಗಿನ ಲಿಂಕ್, ಹೊರಗಿನ ಲಿಂಕ್ ಒಂದಾದ ಮೇಲೊಂದು ಬರುತ್ತವೆ. ಎರಡೂ ತುದಿ ಸರಿಯಾಗಿ ಕೂಡಬೇಕಾದರೆ ಒಟ್ಟು ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಬೆಸ ಸಂಖ್ಯೆಗೆ ಬಾಗಿದ ಅರ್ಧ ಲಿಂಕ್ ಒಂದು ಸಿಗುತ್ತದೆ. ಚೈನಿನಲ್ಲಿ ಬಲ ಕಡಿಮೆ ಇರುವ ಜಾಗ ಅದೇ ಆಗುತ್ತದೆ. ಆದ್ದರಿಂದ 80 ಅಥವಾ 82. 80 ಹಾಕಿದರೆ ಎಂಜಿನ್ 196 ಮಿ.ಮೀ.ಗೆ ಬರಬೇಕು, ಅಷ್ಟು ಹಿಂದಕ್ಕೆ ನಮ್ಮ ಸ್ಲಾಟ್ ಇಲ್ಲ. 82 ಹಾಕಿದರೆ ಸುಮಾರು 206ಕ್ಕೆ ನಿಲ್ಲುತ್ತದೆ. ಚೈನ್ ಸವೆದು ಉದ್ದವಾದ ಹಾಗೆಲ್ಲ ಮುಂದೆ ಸರಿಸಲು ಇನ್ನೂ 9 ಮಿ.ಮೀ. ಜಾಗ ಉಳಿಯುತ್ತದೆ. ಮೊದಲ ಸುತ್ತಿಗೆ 82 ಸರಿ.

ಈಗ 66 ಹಲ್ಲಿನ ಸ್ಪ್ರಾಕೆಟ್ ಹಾಕಿ ನೋಡಿ. ಅದೇ 82 ಲಿಂಕ್ ಚೈನ್ ಸುತ್ತಬೇಕಾದರೆ ಎಂಜಿನ್ 187 ಮಿ.ಮೀ.ಗೆ ಬರಬೇಕು. ಸಾಧ್ಯವಿಲ್ಲ. 84ಕ್ಕೆ 197 ಬೇಕು, ಅದೂ ಸ್ಲಾಟಿನಿಂದ ಹೊರಗೆ. 86 ಲಿಂಕ್ ಹಾಕಿದರೆ ಸುಮಾರು 208ಕ್ಕೆ ನಿಲ್ಲುತ್ತದೆ. ಅಂದರೆ ಎಂಜಿನ್ ಹಳೆಯ ಜಾಗದಿಂದ ಹೆಚ್ಚೇನೂ ಕದಲುವುದಿಲ್ಲ.

ಇಲ್ಲೇ ಮೊದಲ ಭಿನ್ನಾಭಿಪ್ರಾಯ. ಇರುವ ಚೈನಿಗೇ ನಾಲ್ಕು ಲಿಂಕಿನ ತುಂಡು ಸೇರಿಸಿದರೆ ಸಾಕು, ಇನ್ನೊಂದು ಚೈನ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಸಂಘದ ಹಣ ಉಳಿಸುವ ಕಾಳಜಿ ಒಳ್ಳೆಯದೇ. ಆದರೆ ಚೈನ್ ಉದ್ದವಾಗುವುದು ಕಬ್ಬಿಣ ಹಿಗ್ಗಿದ್ದರಿಂದಲ್ಲ. ಪಿನ್ನೂ ಅದರ ಸುತ್ತಲಿನ ಬುಶ್ಶೂ ಸವೆದು ಪ್ರತಿ ಲಿಂಕ್ ಕೂದಲೆಳೆಯಷ್ಟು ಉದ್ದವಾಗುತ್ತದೆ. ಸವೆದ 82ಕ್ಕೆ ಸವೆಯದ 4 ಸೇರಿಸಿದರೆ ಒಂದೇ ಚೈನಿನಲ್ಲಿ ಎರಡು ಬೇರೆ ಪಿಚ್ ಬರುತ್ತದೆ. ಹಲ್ಲಿನ ಮೇಲೆ ಕೂರುವ ಎತ್ತರವೂ ಬೇರೆಬೇರೆ ಆಗುತ್ತದೆ. ಜೊತೆಗೆ ಕಿತ್ತು ಜೋಡಿಸುವ ಜಾಗ ಒಂದರ ಬದಲು ಎರಡಾಗುತ್ತದೆ. 60ರ ಸ್ಪ್ರಾಕೆಟ್ ಜೊತೆಗೆ 82ರ ಚೈನ್, 66ರ ಜೊತೆಗೆ 86ರ ಚೈನ್, ಎರಡನ್ನೂ ಚೀಟಿ ಕಟ್ಟಿ ಪ್ರತ್ಯೇಕ ಮೊಳೆಗೆ ತೂಗುಹಾಕೋಣ. ಆ ಖರ್ಚನ್ನು ಬ್ಯಾನರಿನ ಹಣದಲ್ಲಿ ಹೊಂದಿಸಿಕೊಳ್ಳಬಹುದು.

ಇನ್ನು ಬಿಗಿತ. ನಿಜವಾದ ವಾದ ಇರುವುದು ಇಲ್ಲಿ. ಚೈನ್ ಬಿಗಿಯಾಗಿದ್ದಷ್ಟೂ ಸುರಕ್ಷಿತ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಸಡಿಲವಾದರೆ ಹಲ್ಲು ಹಾರುತ್ತದೆ, ಕಳಚಿ ಬೀಳುತ್ತದೆ ಎಂಬುದು ನಿಜ. ಆದರೆ ತಂತಿಯಂತೆ ಬಿಗಿದ ಚೈನ್ ಕ್ಲಚ್ಚಿನ ಬುಶ್ಶನ್ನೂ ಆಕ್ಸಲ್ಲಿನ ಬೇರಿಂಗನ್ನೂ ಸದಾ ಎಳೆಯುತ್ತಿರುತ್ತದೆ. ಘರ್ಷಣೆಯಿಂದ ಬಿಸಿಯಾಗುತ್ತದೆ, ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ, ಬೇಗ ಸವೆಯುತ್ತದೆ. ಕೊನೆಗೆ ತುಂಡಾಗುವುದೂ ಉಂಟು. ತುಂಡಾದ ಚೈನ್ ಸುಮ್ಮನೆ ಕೆಳಗೆ ಬೀಳುವುದಿಲ್ಲ, ಚಾಟಿಯಂತೆ ಬೀಸುತ್ತದೆ. ಸಡಿಲ ಎನ್ನುವುದು ಕೆಲಸದ ಕೊರತೆಯ ಗುರುತಲ್ಲ. ಅದನ್ನೂ ಲೆಕ್ಕ ಹಾಕಿ ಇಡಬೇಕು.

ನಾವು ಇಟ್ಟುಕೊಂಡಿರುವ ಅಳತೆ 15 ಮಿ.ಮೀ. ಕೆಳಗಿನ ಎಳೆಯ ಮಧ್ಯದಲ್ಲಿ ಬೆರಳಿಟ್ಟು ಮೇಲಕ್ಕೆ ಒತ್ತಿ, ಆಮೇಲೆ ಕೆಳಕ್ಕೆ ಒತ್ತಿದರೆ ಒಟ್ಟು ಚಲನೆ 15 ಮಿ.ಮೀ. ಇರಬೇಕು. ಈ 15 ಮಿ.ಮೀ. ಬರಲು ಚೈನಿನಲ್ಲಿ ಎಷ್ಟು ಹೆಚ್ಚುವರಿ ಉದ್ದ ಬೇಕು ಎಂದು ಪೈಥಾಗೊರಸ್ ಪ್ರಮೇಯದಿಂದಲೇ ಲೆಕ್ಕ ಹಾಕಬಹುದು. ಎರಡು ಸ್ಪ್ರಾಕೆಟ್ ನಡುವೆ ನೇರವಾಗಿರುವ ಚೈನ್ ಸುಮಾರು 193 ಮಿ.ಮೀ. ಅದರ ಮಧ್ಯಭಾಗ ನೇರ ರೇಖೆಯಿಂದ 7.5 ಮಿ.ಮೀ. ಸರಿಯಬೇಕಾದರೆ ಬೇಕಾಗುವ ಹೆಚ್ಚುವರಿ ಉದ್ದ ಬರೀ 0.6 ಮಿ.ಮೀ. ಅದಕ್ಕಾಗಿ ಎಂಜಿನ್ ಸರಿಯಬೇಕಾದದ್ದು 0.3 ಮಿ.ಮೀ. ದಯವಿಟ್ಟು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಸ್ವಲ್ಪವೂ ಅಲುಗದ ಚೈನಿಗೂ ಸರಿಯಾದ ಚೈನಿಗೂ ಇರುವ ಅಂತರ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಎಂಜಿನ್ನಿನ ಬೋಲ್ಟ್ ಬಿಗಿಯುವಾಗ ಸ್ಪಾನರಿನ ಎಳೆತಕ್ಕೆ ಎಂಜಿನ್ ಅದಕ್ಕಿಂತ ಹೆಚ್ಚು ಜರುಗಬಹುದು. ಆದ್ದರಿಂದ ಬೋಲ್ಟ್ ಸಡಿಲವಿದ್ದಾಗ ನೋಡಿದ ಅಳತೆಗೆ ಬೆಲೆಯಿಲ್ಲ. ನಾಲ್ಕೂ ಬೋಲ್ಟ್ ಪೂರ್ತಿ ಬಿಗಿದ ಮೇಲೆ ಅಳೆದದ್ದೇ ಅಳತೆ.

ಇನ್ನೊಂದು ಕಡೆಯಿಂದ ನೋಡಿ. ಆಕ್ಸಲ್ಲಿನ ಸ್ಪ್ರಾಕೆಟ್ ತನ್ನ ಕೇಂದ್ರದಿಂದ ಇದೇ 0.3 ಮಿ.ಮೀ. ಆಚೀಚೆ ಕೂತಿದ್ದರೆ ಏನಾಗುತ್ತದೆ? ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಚೈನ್ ಒಂದು ಕಡೆ ಜೋತುಬೀಳುತ್ತದೆ, ಇನ್ನೊಂದು ಕಡೆ ಬಿಗಿಯಾಗುತ್ತದೆ. ಜೋತುಬಿದ್ದ ಜಾಗದಲ್ಲಿ ಅಳೆದು 15 ಬಂತು ಎಂದು ಸಂತೋಷಪಟ್ಟರೆ, ಅರ್ಧ ಸುತ್ತು ತಿರುಗಿದ ಮೇಲೆ ಅದೇ ಚೈನ್ ತಂತಿಯಾಗಿರುತ್ತದೆ. ಅದಕ್ಕೇ ಆಕ್ಸಲ್ಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಅತಿ ಬಿಗಿಯಾದ ಜಾಗ ಹುಡುಕಿ, ಸೀಮೆಸುಣ್ಣದ ಗುರುತು ಹಾಕಿ, ಅಲ್ಲೇ ಅಳೆಯಬೇಕು. ಈ ಒಂದು ನಿಯಮ ಗೊತ್ತಿಲ್ಲದೆ ಎಷ್ಟು ಸಲ ಅಳೆದರೂ ಅಳೆದಂತಾಗುವುದಿಲ್ಲ.

ಅನುಭವಸ್ಥರ ಕೈಗೆ ಸ್ಕೇಲ್ ಬೇಕಿಲ್ಲ, ಹೆಬ್ಬೆರಳು ಸಾಕು ಎಂಬ ಮಾತೂ ಬಂದಿದೆ. ನನಗೆ ಅನುಭವದ ಮೇಲೆ ಗೌರವವಿದೆ. ನನ್ನ ಮಾಮು ಇಪ್ಪತ್ತು ವರ್ಷಗಳಿಂದ ಬೈಕ್ ಗ್ಯಾರೇಜ್ ನಡೆಸುತ್ತಿದ್ದಾರೆ. ಹೆಬ್ಬೆರಳಿಟ್ಟು ಚೈನ್ ಒತ್ತಿದರೆ ಸಾಕು, ಎಷ್ಟು ಸುತ್ತು ನಟ್ ತಿರುಗಿಸಬೇಕೆಂದು ಹೇಳುತ್ತಾರೆ. ನಮ್ಮ ಕಾರ್ಟಿನ ಫೋಟೊ ತೋರಿಸಿದಾಗ ಅವರು ಮೊದಲು ಕೇಳಿದ್ದು, "ಇದಕ್ಕೆ ಶಾಕ್ ಅಬ್ಸಾರ್ಬರ್ ಎಲ್ಲಿ ಬೇಟಾ?" ಎಂದು. ಇಲ್ಲ ಮಾಮು ಅಂದೆ. "ಹಾಗಾದರೆ ನನ್ನ ಹೆಬ್ಬೆರಳಿನ ಲೆಕ್ಕ ಇದಕ್ಕೆ ನಡೆಯೋದಿಲ್ಲ. ನೀನು ಸ್ಕೇಲ್ ಹಿಡಿ" ಎಂದರು. ಕಾರಣ ಸರಳ. ಬೈಕಿನ ಹಿಂದಿನ ಚಕ್ರ ಗುಂಡಿಯಲ್ಲಿ ಮೇಲೆ ಕೆಳಗೆ ಆಡುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತದೆ. ಅದಕ್ಕಾಗಿ ಬೈಕಿನ ಚೈನಿಗೆ ಹೆಚ್ಚು ಸಡಿಲ ಬಿಡುತ್ತಾರೆ. ಕಾರ್ಟಿನಲ್ಲಿ ಆ ಆಟವಿಲ್ಲ. ತನ್ನ ಅನುಭವ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ತಿಳಿದವರೇ ನಿಜವಾದ ಅನುಭವಸ್ಥರು ಎಂದು ನನಗೆ ಅನಿಸಿದ್ದು ಆಗಲೇ.

ಒಮ್ಮೆ ಸರಿಮಾಡಿದ ಮೇಲೆ ಮತ್ತೆ ಯಾಕೆ ನೋಡಬೇಕು ಎಂದೂ ಕೇಳುತ್ತಾರೆ. 82 ಲಿಂಕಿನ ಚೈನಿನ ಒಟ್ಟು ಉದ್ದ 781 ಮಿ.ಮೀ. ಅದು ನೂರಕ್ಕೆ ಒಂದರಷ್ಟು ಸವೆದರೆ ಸುಮಾರು 8 ಮಿ.ಮೀ. ಉದ್ದವಾಗುತ್ತದೆ. ನಮಗೆ ಬೇಕಾದ ಸಡಿಲಕ್ಕೆ 0.6 ಮಿ.ಮೀ. ಸಾಕು ಎಂಬುದನ್ನು ನೆನಪಿಟ್ಟರೆ, ಹೊಸ ಚೈನ್ ಕೆಲವೇ ಸುತ್ತುಗಳಲ್ಲಿ ಯಾಕೆ ಜೋತುಬೀಳುತ್ತದೆ ಎಂದು ಅರ್ಥವಾಗುತ್ತದೆ. ಹೊಸ ಚೈನಿನಲ್ಲಿ 20 ಲಿಂಕ್ ಎಳೆದು ಅಳೆದರೆ 190.5 ಮಿ.ಮೀ. ಬರುತ್ತದೆ. ಅದು 194 ದಾಟಿದರೆ ಆ ಚೈನನ್ನು ನಾವು ಬಳಸುವುದಿಲ್ಲ ಎಂದು ನಿರ್ಧರಿಸೋಣ. ಸ್ಲಾಟಿನ 9 ಮಿ.ಮೀ. ಮುಗಿಯುವ ಹೊತ್ತಿಗೆ ಚೈನ್ ಸುಮಾರು ಅಷ್ಟೇ ಸವೆದಿರುತ್ತದೆ. ಆಗ ಎರಡು ಲಿಂಕ್ ಕಿತ್ತು ಮತ್ತೆ ಬಿಗಿಯುವುದು ಉಳಿತಾಯವಾಗದು. ಸವೆದ ಚೈನ್ ಹೊಸ ಸ್ಪ್ರಾಕೆಟ್ಟಿನ ಹಲ್ಲನ್ನೂ ತಿಂದುಹಾಕುತ್ತದೆ.

ಈಗ ಸ್ವಲ್ಪ ಮುಜುಗರದ, ಆದರೆ ಹೇಳಲೇಬೇಕಾದ ವಿಷಯ. ದುಪಟ್ಟಾ, ಸ್ಕಾರ್ಫ್ ಚೈನಿಗೆ ಸಿಕ್ಕಬಹುದು, ಆದ್ದರಿಂದ ಹುಡುಗಿಯರು ಕಾರ್ಟಿನ ಹತ್ತಿರ ಕೆಲಸ ಮಾಡುವುದು ಬೇಡ, ಚಾರ್ಟ್ ಬರೆಯಲಿ ಎಂಬ ಸಲಹೆ ಸಂಘದಲ್ಲಿ ಬಂದಿದೆ. ಹೇಳಿದವರ ಉದ್ದೇಶ ಕೆಟ್ಟದ್ದಲ್ಲ. ಅಪಾಯವೂ ಸುಳ್ಳಲ್ಲ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ಗೋ-ಕಾರ್ಟಿನ ತಿರುಗುವ ಭಾಗಕ್ಕೆ ಕೂದಲು ಸಿಕ್ಕಿ ಯುವತಿಯರು ಪ್ರಾಣ ಕಳೆದುಕೊಂಡರು. ಆದರೆ ಇದಕ್ಕೆ ಪರಿಹಾರ ಹುಡುಗಿಯರನ್ನು ದೂರ ಇಡುವುದಲ್ಲ, ಚೈನನ್ನು ಮುಚ್ಚುವುದು. ಸ್ಪ್ರಾಕೆಟ್ ಎರಡನ್ನೂ ಚೈನಿನ ಮೇಲ್ಭಾಗವನ್ನೂ ಪೂರ್ತಿ ಮರೆಮಾಡುವ ತಗಡಿನ ಕವರ್ ಬೇಕು. ಓಡಿಸುವವರ ಕೂದಲು, ಸ್ಕಾರ್ಫ್ ಎಲ್ಲವೂ ಓವರಾಲಿನ ಒಳಗೆ, ಹೆಲ್ಮೆಟ್ಟಿನ ಒಳಗೆ ಇರಬೇಕು. ಕುತ್ತಿಗೆಯಲ್ಲಿ ಐಡಿ ಕಾರ್ಡಿನ ಪಟ್ಟಿ ಜೋತುಬಿಟ್ಟುಕೊಂಡು ಎಂಜಿನ್ ಮೇಲೆ ಬಾಗುವವರು, ಶುಕ್ರವಾರ ಜುಮಾ ಮುಗಿಸಿ ಜುಬ್ಬಾದಲ್ಲೇ ಕಾರ್ಟಿನ ಹತ್ತಿರ ಬರುವವರು ಹುಡುಗರೇ ತಾನೇ? ಚೈನಿಗೆ ಹುಡುಗ ಹುಡುಗಿ ಎಂಬ ಭೇದ ತಿಳಿಯದು. ಕವರ್ ಇದ್ದರೆ ಎಲ್ಲರಿಗೂ ರಕ್ಷಣೆ. ಇಲ್ಲದಿದ್ದರೆ ಯಾರಿಗೂ ಇಲ್ಲ.

ಬೆರಳುಗಳ ಬಗ್ಗೆಯೂ ಒಂದು ಮಾತು. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸುವುದು, ಎಣ್ಣೆ ಬಿಡುವುದು ಯಾವ ಕಾರಣಕ್ಕೂ ಬೇಡ. ಚೈನಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿರಬೇಕು. ನಮ್ಮ ಕ್ಲಚ್ ವೇಗ ಹೆಚ್ಚಿದಾಗ ಮಾತ್ರ ಹಿಡಿಯುವಂಥದ್ದು. ಆದ್ದರಿಂದ ಎಂಜಿನ್ ನಿಂತಿದ್ದಾಗ ಆಕ್ಸಲ್ ಕೈಯಿಂದ ಸುಲಭವಾಗಿ ತಿರುಗುತ್ತದೆ, ಅಳತೆಗೆ ಎಂಜಿನ್ ಚಾಲೂ ಮಾಡುವ ಅಗತ್ಯವೇ ಇಲ್ಲ.

ಕೊನೆಯ ವಿಷಯ, ಬೇಡ ಎನ್ನುವ ಅಧಿಕಾರ. ಚೈನ್ ಅಳೆಯುವ ಕೆಲಸ ಸಾಮಾನ್ಯವಾಗಿ ಪ್ರಥಮ ಪಿಯುಸಿಯವರಿಗೆ ಬೀಳುತ್ತದೆ. ಅತಿಥಿಗಳು ಕಾಯುತ್ತಿದ್ದಾರೆ, ಬೇಗ ಬೇಗ ಎಂದು ಹಿರಿಯ ವಿದ್ಯಾರ್ಥಿಯೋ ಉಪನ್ಯಾಸಕರೋ ಹೇಳಿದಾಗ, "ಸರ್, ಇನ್ನೂ ಸರಿಯಾಗಿಲ್ಲ" ಎನ್ನುವುದು ಹದಿನಾರು ವರ್ಷದವರಿಗೆ ಸುಲಭವಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಮನೆಯಲ್ಲಿ ಕಲಿತು ಬಂದವರು ನಾವು. ಹಾಗಾಗಿ ಆ ಮಾತನ್ನು ಮಗುವಿನ ಧೈರ್ಯಕ್ಕೆ ಬಿಡದೆ ಸಂಘದ ನಿಯಮವನ್ನಾಗಿ ಮಾಡಬೇಕು. ಕಳಚಿದ ಪ್ಲಗ್ ಕ್ಯಾಪನ್ನು ಮತ್ತೆ ಹಾಕುವ ಹಕ್ಕು ಅಳೆದವರಿಗೆ ಮಾತ್ರ ಇರಲಿ. ಅಳತೆ ಬರೆದು ಸಹಿ ಮಾಡಿದ ಮೇಲೆ ಅವರೇ ಹಾಕಲಿ. ಅಲ್ಲಿಯವರೆಗೆ ಪ್ರಾಂಶುಪಾಲರು ಹೇಳಿದರೂ ಎಂಜಿನ್ ಚಾಲೂ ಆಗುವುದಿಲ್ಲ. ಇದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಆದ್ದರಿಂದ ಸಭೆಯ ಮುಂದೆ ನಾನು ಇಡುವ ಪ್ರಸ್ತಾವ ಇದು. ಪ್ರತಿ ಓಟಕ್ಕೆ ಮೊದಲು, ಸ್ಪ್ರಾಕೆಟ್ ಬದಲಿಸಿದ ಪ್ರತಿ ಸಲ, ಈ ಕ್ರಮ ತಪ್ಪಬಾರದು:

ಪ್ಲಗ್ ಕ್ಯಾಪ್ ಕಳಚಿ. ಚೀಟಿ ನೋಡಿ ಸ್ಪ್ರಾಕೆಟ್ಟಿಗೆ ತಕ್ಕ ಚೈನ್ ತೆಗೆದುಕೊಳ್ಳಿ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಉದ್ದನೆಯ ಸ್ಕೇಲ್ ಇಟ್ಟು ಎರಡೂ ಸ್ಪ್ರಾಕೆಟ್ ಒಂದೇ ಸಾಲಿನಲ್ಲಿವೆಯೇ ನೋಡಿ. ಸಾಲು ತಪ್ಪಿದ್ದರೆ ಬಿಗಿತ ಎಷ್ಟು ಸರಿಯಿದ್ದರೂ ಚೈನ್ ಪಕ್ಕಕ್ಕೆ ಉಜ್ಜಿ ಸವೆಯುತ್ತದೆ. ಎಂಜಿನ್ ಸರಿಸಿ ನಾಲ್ಕೂ ಬೋಲ್ಟ್ ಬಿಗಿಯಿರಿ. ಆಕ್ಸಲ್ ಒಂದು ಪೂರ್ತಿ ಸುತ್ತು ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ. ಓಡಿಸುವವರು ಕುಳಿತ ಮೇಲೆ ಇನ್ನೊಮ್ಮೆ ಅಳೆಯಿರಿ, ಭಾರಕ್ಕೆ ಚೌಕಟ್ಟು ಸ್ವಲ್ಪ ಬಾಗುತ್ತದೆ. ಕವರ್ ಹಾಕಿ. ಪುಸ್ತಕದಲ್ಲಿ ಸ್ಪ್ರಾಕೆಟ್, ಲಿಂಕ್ ಸಂಖ್ಯೆ, ಸಡಿಲದ ಅಳತೆ ಬರೆದು ಸಹಿ ಹಾಕಿ. ಆಮೇಲೆ ಕ್ಯಾಪ್.

ಇಷ್ಟಕ್ಕೂ ಬೇಕಾಗುವ ಸಮಯವನ್ನು ಗಡಿಯಾರ ಹಿಡಿದು ನೋಡಿದ್ದೇವೆ. ಇಬ್ಬರು ಸೇರಿ ಮಾಡಿದರೆ, ಸ್ಪ್ರಾಕೆಟ್ ಬದಲಿಸುವ ಕೆಲಸ ಬಿಟ್ಟು, ಎಂಟು ನಿಮಿಷ. ಆ ಎಂಟು ನಿಮಿಷ ಪೋಷಕರನ್ನು ಸುಮ್ಮನೆ ಕೂರಿಸುವ ಅಗತ್ಯವೂ ಇಲ್ಲ. 0.3 ಮಿ.ಮೀ. ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಅಷ್ಟು ಹೊತ್ತು ಬೇಕೇ ಬೇಕು. ಅದನ್ನು ವಿವರಿಸಲು ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯರೂ ಮುಂದೆ ಬರಬಹುದು, ಪೈಥಾಗೊರಸ್ ಎಲ್ಲರಿಗೂ ಹತ್ತನೇ ತರಗತಿಯಲ್ಲೇ ಸಿಕ್ಕಿದ್ದಾನೆ.

ಸಭೆ ಬರುವ ಬುಧವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಭೌತಶಾಸ್ತ್ರ ಪ್ರಯೋಗಾಲಯದಲ್ಲಿ. ಇದಕ್ಕಿಂತ ಉತ್ತಮ ಕ್ರಮ ಯಾರಿಗಾದರೂ ಹೊಳೆದರೆ ಅಲ್ಲಿಗೆ ಬಂದು ಹೇಳಿ. ಸ್ಟೀಲ್ ಸ್ಕೇಲ್ ಒಂದನ್ನು ನಾನೇ ತರುತ್ತೇನೆ.